ಹೆಸರು ಕೇಳದ ಊರು

ಪರದೇಶಕ್ಕೆ ಹೊರಟವನಿಗೆ ಬುದ್ಧಿವಾದ ಹೇಳದವರು ನಮ್ಮ ಸಂಸಾರಸ್ಥರಲ್ಲಿ ಒಬ್ಬರೂ ಸಿಗಲಾರರು. ನಂಜನಗೂಡಿನಿಂದಾಚೆಗೆ ಕಾಲಿಡದವರು ಸಹ ಆ ಘಳಿಗೆಯಲ್ಲಿ ಲೋಕಾನುಭವಿಗಳಾಗಿಬಿಡುತ್ತಾರೆ. ಹಣವನ್ನೆಲ್ಲ ಒಂದೇ ಜೇಬಿನಲ್ಲಿಡಬೇಡ. ಅಪರಿಚಿತರು ಕೊಟ್ಟದ್ದನ್ನು ಬಾಯಿಗಿಡಬೇಡ. ಕೂದಲಿಗೆ ಬಣ್ಣ ಬಳಿದುಕೊಂಡವರ ಹತ್ತಿರ ಸುಳಿಯಬೇಡ. ರಾತ್ರಿ ಎಂಟರ ಮೇಲೆ ಬೀದಿಯಲ್ಲಿರಬೇಡ. ೨೦೧೮ರ ಅಕ್ಟೋಬರ್ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹತ್ತು ದಿನಗಳ ಮಟ್ಟಿಗೆ ಹೊರಟು ನಿಂತಾಗ ಇವೆಲ್ಲವೂ ನನಗೆ ಧರ್ಮಾರ್ಥವಾಗಿ ದೊರೆತವು. ಅರ್ಥಶಾಸ್ತ್ರ ವಿಭಾಗದ ಹಿರಿಯರೊಬ್ಬರು ಮಾತ್ರ ಬೇರೆಯದೊಂದು ಮಾತು ಹೇಳಿದರು: "ಸ್ವಿಸ್ ಜನ ಅವರ ಗಡಿಯಾರದ ಹಾಗೇ ಕಣಯ್ಯ. ಕೇಳಿದರೆ ಸರಿಯಾದ ಹೊತ್ತು ಹೇಳುತ್ತಾರೆ. ಅದರ ಮೇಲೆ ಒಂದು ಮಾತೂ ಇಲ್ಲ." ಅವರೂ ಆ ದೇಶವನ್ನು ಕಂಡವರಲ್ಲ. ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಉಳಿದ ಅರ್ಧವನ್ನು ಹೇಳುವುದಕ್ಕಾಗಿ ಈ ಬರೆಹ.

ಕನ್ನಡದ ಮೇಷ್ಟರಿಗೆ ಬಾಸೆಲಿನಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ. ೧೮೧೫ರಲ್ಲಿ ಆ ಊರಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿಯಿತು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' ೧೮೪೩ರಲ್ಲಿ ಹೊರಬಂದದ್ದು ಆ ಮಿಷನ್ನಿನ ಕಲ್ಲಚ್ಚಿನಿಂದ. ಅದರ ಸಂಪಾದಕರು ಹರ್ಮನ್ ಮೋಗ್ಲಿಂಗ್. ೧೮೯೪ರಲ್ಲಿ ಅದೇ ಮಿಷನ್ನು ಪ್ರಕಟಿಸಿದ, ಸಾವಿರದ ಏಳುನೂರು ಪುಟಗಳನ್ನೂ ಮೀರಿದ ಕಿಟೆಲ್ ಕೋಶವು ಇಂದಿಗೂ ನಮ್ಮಂಥವರ ಮೇಜಿನ ಮೇಲಿನ ಭಾರ. ಕಿಟೆಲರು ಬಾಸೆಲಿನವರೇನಲ್ಲ, ಜರ್ಮನಿಯ ಉತ್ತರದಂಚಿನವರು. ಬಾಸೆಲಿನ ಹಾದಿಯಾಗಿ ಕನ್ನಡನಾಡಿಗೆ ಬಂದವರು. ಇವರೆಲ್ಲ ಬಂದದ್ದು ಮತಪ್ರಚಾರಕ್ಕೆಂಬುದನ್ನು ಮರೆಯಬೇಕಾಗಿಲ್ಲ. ಬಂದ ಉದ್ದೇಶ ಒಂದು, ಉಳಿದ ಕೆಲಸ ಇನ್ನೊಂದು. ಅವರ ಕಾಗದಪತ್ರಗಳು, ತೆಗೆದ ಹಳೆಯ ಭಾವಚಿತ್ರಗಳು ಬಾಸೆಲಿನ ಮಿಷನ್ ಮನೆಯ ದಫ್ತರಖಾನೆಯನ್ನು ಸೇರಿದ್ದವು. ನನ್ನ ಸಂಶೋಧನೆಗೆ ಅವುಗಳಲ್ಲಿ ಕೆಲವನ್ನು ಕಣ್ಣಾರೆ ನೋಡಬೇಕಾಗಿತ್ತು.

ಇದು ಕಾಲೇಜಿಗೆ ಕೊಟ್ಟ ಅರ್ಜಿಯಲ್ಲಿದ್ದ ಕಾರಣ. ಅರ್ಜಿಯಲ್ಲಿ ಬರೆಯಲಾಗದ ಇನ್ನೊಂದು ಕಾರಣವೂ ಇತ್ತು. ನಮ್ಮ ತಂದೆಯವರು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೇಳು ವರ್ಷಗಳ ಕಾಲ ಅಚ್ಚುಮೊಳೆ ಜೋಡಿಸಿದವರು. ೧೯೯೩ರಲ್ಲಿ ಅಲ್ಲಿಗೆ ಕಂಪ್ಯೂಟರು ಬಂತು. ಮೊಳೆಗಳನ್ನು ಸೀಸದ ತೂಕಕ್ಕೆ ಮಾರಿದರು. ತಂದೆಯವರು ತಮ್ಮ ಕಂಪೋಸಿಂಗ್ ಸ್ಟಿಕ್ಕನ್ನೂ ಒಂದು ಹಿಡಿ ಮೊಳೆಗಳನ್ನೂ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಆಮೇಲೆ ಅವರು ಮಾಡಿದ್ದು ಕರಡು ತಿದ್ದುವ ಕೆಲಸ. ನಾನು ಬಾಸೆಲಿಗೆ ಹೋಗುತ್ತೇನೆಂದಾಗ ಅವರು ಚಾಕೊಲೇಟು ಕೇಳಲಿಲ್ಲ, ಗಡಿಯಾರ ಕೇಳಲಿಲ್ಲ. "ಅದು ಅಚ್ಚಿನವರ ಊರಂತೆ. ಅಲ್ಲಿ ಈಗಲೂ ಯಾರಾದರೂ ಕೈಯಲ್ಲಿ ಮೊಳೆ ಜೋಡಿಸ್ತಾರಾ, ನೋಡಿಕೊಂಡು ಬಾ" ಎಂದರು. ಅವರು ಹೇಳಿದ್ದು ನಿಜ. ಎರಾಸ್ಮಸನ ಗ್ರಂಥಗಳನ್ನು ಅಚ್ಚುಹಾಕಿದ ಫ್ರೋಬೆನ್ ಆ ಊರಿನವನು. ಮನುಷ್ಯಶರೀರದ ರಚನೆಯನ್ನು ಕುರಿತ ವೆಸಾಲಿಯಸನ ಮಹಾಗ್ರಂಥ ೧೫೪೩ರಲ್ಲಿ ಅಚ್ಚಾದದ್ದೂ ಅಲ್ಲಿಯೇ. ಅದಾಗಿ ಸರಿಯಾಗಿ ಮುನ್ನೂರು ವರ್ಷಕ್ಕೆ ನಮ್ಮ 'ಮಂಗಳೂರ ಸಮಾಚಾರ.'

ಅಕ್ಟೋಬರ್ ೨೭ರ ಶನಿವಾರ ಸಂಜೆ ಜೂರಿಕ್ ನಗರದಲ್ಲಿ ವಿಮಾನವಿಳಿದಾಗ ನಾನು ಬಂದಿದ್ದೆ, ನನ್ನ ಪೆಟ್ಟಿಗೆ ಬಂದಿರಲಿಲ್ಲ. ವಿಮಾನ ಸಂಸ್ಥೆಯವರು ಒಂದು ನಮೂನೆಯನ್ನು ತುಂಬಿಸಿಕೊಂಡು ಎರಡು ದಿನ ತಾಳಿರೆಂದರು. ಉಣ್ಣೆಯ ಬಟ್ಟೆಯೆಲ್ಲ ಪೆಟ್ಟಿಗೆಯಲ್ಲಿತ್ತು. ಮೈಮೇಲೆ ಮೈಸೂರಿನ ಚಳಿಗೆಂದು ಹೆಣೆದ ಒಂದು ತೆಳು ಸ್ವೆಟರು. ರೈಲಿನಲ್ಲಿ ಒಂದು ಗಂಟೆಯ ದಾರಿ. ಬಾಸೆಲ್ ನಿಲ್ದಾಣದ ಹೊರಗೆ ಬಂದಾಗ ಕತ್ತಲಾಗಿತ್ತು. ಗಾಳಿ ಮೂಳೆಯನ್ನು ಮುಟ್ಟುತ್ತಿತ್ತು. ಹಸುರು ಬಣ್ಣದ ಟ್ರಾಂ ಬಂಡಿಗಳು ಒಂದರ ಹಿಂದೊಂದು ಬಂದು ಹೋಗುತ್ತಿದ್ದುವು. ಯಾವುದು ನನ್ನದೆಂದು ತಿಳಿಯದೆ ವಿಳಾಸದ ಚೀಟಿ ಹಿಡಿದು ನಿಂತಿದ್ದೆ.

ಚೀಟಿಯನ್ನು ಕೈಯಿಂದ ತೆಗೆದುಕೊಂಡವಳು, ವಾಚಕರು ನಂಬಬೇಕು, ನೀಲಿ ಬಣ್ಣದ ಕೂದಲಿನ ಒಬ್ಬ ಹುಡುಗಿ. ಮೂಗಿನಲ್ಲಿ ಬಳೆಯಂಥ ಉಂಗುರ. ಕಾಲೇಜಿಗೆ ಹೋಗುವ ವಯಸ್ಸು. ಓದಿದಳು, ತಲೆಯಾಡಿಸಿದಳು, ಬಂದ ಟ್ರಾಮಿಗೆ ಹತ್ತುವಂತೆ ಸನ್ನೆ ಮಾಡಿ ತಾನೂ ಹತ್ತಿದಳು. ರೈನ್ ನದಿಯ ಸೇತುವೆ ದಾಟಿ ಎರಡು ನಿಲ್ದಾಣವಾದ ಮೇಲೆ ನನ್ನನ್ನು ಇಳಿಸಿಕೊಂಡು, ಒಂದು ಓಣಿ ತಿರುಗಿ, ಬಾಗಿಲ ಮುಂದೆ ನಿಲ್ಲಿಸಿ, ಮನೆಯ ಸಂಖ್ಯೆಯನ್ನು ಬೆರಳಿನಿಂದ ತೋರಿಸಿದಳು. ನಾನು ವಂದನೆ ಹೇಳುವುದಕ್ಕೆ ಇಂಗ್ಲಿಷನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಹೊರಟೇ ಹೋದಳು. ಹೋದದ್ದು ಬಂದ ದಾರಿಯಲ್ಲಿಯೇ. ಅವಳ ಮನೆ ಈ ಕಡೆಗಿರಲಿಲ್ಲವೆಂದು ಆಗ ಗೊತ್ತಾಯಿತು.

ನಮ್ಮ ಊರಿನಲ್ಲಾಗಿದ್ದರೆ ಇದು ಹೀಗೆ ನಡೆಯುತ್ತಿರಲಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಒಬ್ಬರ ಮನೆ ಎಲ್ಲಿಯೆಂದು ಕೇಳಿ ನೋಡಿ. ತಾವು ಯಾವ ಊರಿನವರು, ಯಾರ ಪೈಕಿ, ಎಲ್ಲಿ ಕೆಲಸ, ಸಂಬಳವೆಷ್ಟು, ಮಕ್ಕಳೆಷ್ಟು ಎಂಬುದೆಲ್ಲ ತೀರಿದ ಮೇಲೆ, "ಬಿಸಿಲಲ್ಲಿ ಬಂದಿದೀರಿ, ಒಂದು ಲೋಟ ಕಾಫಿ ಕುಡಿದು ಹೋಗಿ" ಎನ್ನುತ್ತಾರೆ. ಕಾಫಿಯೂ ಚೆನ್ನಾಗಿರುತ್ತದೆ. ದಾರಿ ಮಾತ್ರ ಕೆಲವು ಸಲ ತಪ್ಪಿರುತ್ತದೆ. ನಮ್ಮ ಉಪಕಾರ ಪರಿಚಯದ ಬೆನ್ನು ಹತ್ತಿ ಬರುವಂಥದು: ಮೊದಲು ನೀನು ಯಾರೆಂದು ತಿಳಿಯಬೇಕು, ಅನಂತರ ನಿನಗೇನು ಬೇಕೆಂಬ ವಿಚಾರ. ಆ ಹುಡುಗಿಗೆ ನನಗೇನು ಬೇಕೆಂಬುದಷ್ಟೇ ಬೇಕಾಗಿತ್ತು. ಎರಡರಲ್ಲಿ ಯಾವುದು ಮೇಲೆಂದು ಆ ರಾತ್ರಿ ನಾನು ತೀರ್ಪು ಕೊಡಲಿಲ್ಲ; ಚಳಿಗೆ ಹಲ್ಲು ಕಟಕಟಿಸುತ್ತಿದ್ದವನಿಗೆ ಕಾಫಿಯ ನೆನಪೇ ಹೆಚ್ಚಾಗಿತ್ತು.

ಮರುದಿನ ಭಾನುವಾರ. ಆ ದೇಶದಲ್ಲಿ ಭಾನುವಾರ ಅಂಗಡಿಗಳು ಮುಚ್ಚುತ್ತವೆ. ಒಂದು ಕೋಟು ಕೊಳ್ಳುತ್ತೇನೆಂದರೂ ಸಿಗದು. ಸಾಲದ್ದಕ್ಕೆ ಅಂದು ಬೆಳಗಿನ ಜಾವ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ಚಳಿಗಾಲದ ಲೆಕ್ಕಕ್ಕೆ ಹಾಗೆ ಮಾಡುವುದು ವಾಡಿಕೆ. ಹಿಂದೊಮ್ಮೆ, ೧೭೯೮ರವರೆಗೆ, ಬಾಸೆಲಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ಗಂಟೆ ಮುಂದೆ ನಡೆಯುತ್ತಿದ್ದವೆಂದು ಓದಿದ್ದೆ. ಗಡಿಯಾರದಂಥ ಜನವೆಂದ ನಮ್ಮ ಅರ್ಥಶಾಸ್ತ್ರಜ್ಞರಿಗೆ ಇದನ್ನು ತಿಳಿಸಬೇಕೆಂದುಕೊಂಡು ಬಾಗಿಲು ತೆರೆದರೆ, ಹೊರಗಿನ ಹಿಡಿಕೆಯ ಮೇಲೆ ಬೂದುಬಣ್ಣದ ಉಣ್ಣೆಯ ದೊಡ್ಡ ಕೋಟೊಂದು ತೂಗುತ್ತಿತ್ತು. ಚೀಟಿಯಿಲ್ಲ, ಮಾತಿಲ್ಲ. ನನಗೆ ಕೋಣೆ ಕೊಟ್ಟಿದ್ದ ಮನೆಯೊಡತಿ ಎಪ್ಪತ್ತು ದಾಟಿದ ವೃದ್ಧೆ. ಹಿಂದಿನ ರಾತ್ರಿ ಬೀಗದಕೈ ಕೊಡುವಾಗ ಆಕೆ ಆಡಿದ್ದು ಐದಾರು ಮಾತು; ನನ್ನ ಸ್ವೆಟರನ್ನು ನೋಡಿದ್ದು ಮಾತ್ರ ನೆನಪಿದೆ. ಕೋಟಿನಲ್ಲಿ ನುಸಿಗುಳಿಗೆಯ ವಾಸನೆ. ಮೆಟ್ಟಿಲಿಳಿಯುವಾಗ ಗೋಡೆಯ ಮೇಲೆ ಎತ್ತರದ ಪುರುಷರೊಬ್ಬರ ಭಾವಚಿತ್ರ ಕಂಡಿತು. ನದಿಯ ದಡದಲ್ಲಿ ನಿಂತಿದ್ದರು, ಮೈಮೇಲೆ ಅದೇ ಕೋಟು. ಹೆಚ್ಚಿಗೆ ಕೇಳುವುದೇನೂ ಉಳಿಯಲಿಲ್ಲ. ತೋಳು ನನಗೆ ನಾಲ್ಕು ಬೆರಳು ಉದ್ದವಾಗಿತ್ತು, ಮಡಿಸಿಕೊಂಡೆ.

ಎಡಜೇಬಿನಲ್ಲಿ ಎಡಗೈಯ ಉಣ್ಣೆಯ ಗವಸು ಒಂದಿತ್ತು, ಬಲಜೇಬು ಬರಿದು. ಸಂಜೆ ಅದನ್ನು ತೋರಿಸಿದಾಗ ಆಕೆ ಮೊದಲ ಬಾರಿಗೆ ನಕ್ಕು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಒಂದು ಕಥೆ ಹೇಳಿದರು. ಬಾಸೆಲಿನಲ್ಲಿ ಶರತ್ಕಾಲದ ಒಂದು ಮೇಳ ನಡೆಯುತ್ತದೆ. ೧೪೭೧ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡ್ರಿಕ್ ಅದಕ್ಕೆ ಅಪ್ಪಣೆ ಕೊಟ್ಟನಂತೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿದರೆ ಮೇಳ ಪ್ರಾರಂಭ. ಗಂಟೆ ಬಾರಿಸಿದವನಿಗೆ ಕೂಲಿ ಒಂದು ಜೊತೆ ಗವಸು. ಆದರೆ ಪ್ರಾರಂಭದ ದಿನ ಎಡಗೈಯದು ಮಾತ್ರ ಕೊಡುತ್ತಾರೆ. ಬಲಗೈಯದು ಮೇಳ ಮುಗಿದ ಮೇಲೆ! ನಾನು ಬಂದ ದಿನವೇ ಆ ವರ್ಷದ ಮೇಳ ಪ್ರಾರಂಭವಾಗಿತ್ತು. "ತಾಳಿ, ಮೇಳ ಮುಗಿಯಲಿ" ಎಂದರು ಮುದುಕಿ. ಕೂಲಿಯವನನ್ನು ಅರ್ಧಕ್ಕೆ ಓಡಿಹೋಗದಂತೆ ಹಿಡಿದಿಡುವ ಈ ಉಪಾಯ ನಮ್ಮ ಮನೆ ಕಟ್ಟುವ ಮೇಸ್ತ್ರಿಗಳ ವಿಷಯದಲ್ಲಿ ನಡೆಯುತ್ತದೆಯೇ ಎಂದು ಯೋಚಿಸುತ್ತ ಮೆಟ್ಟಿಲು ಹತ್ತಿದೆ.

ರೈನ್ ನದಿ ಆ ಊರನ್ನು ಎರಡಾಗಿ ಸೀಳಿದೆ. ಕೆಂಪು ಮರಳುಗಲ್ಲಿನ ಪ್ರಧಾನ ಚರ್ಚು, ೧೪೬೦ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ ಎಲ್ಲವೂ ಇರುವುದು ಹಿರಿಯ ಬಾಸೆಲಿನಲ್ಲಿ. ನಾನಿದ್ದದ್ದು ಎದುರು ದಡದ ಕಿರಿಯ ಬಾಸೆಲಿನಲ್ಲಿ. ಸೇತುವೆಯ ಬಳಿ ಹಿರಿಯರ ಕಡೆಯಲ್ಲಿ ಕಿರೀಟ ತೊಟ್ಟ ರಾಜನ ತಲೆಯೊಂದಿದೆ. ಅದು ಎದುರು ದಡದವರತ್ತ ನಾಲಗೆ ಚಾಚುತ್ತದೆ! ಹಳೆಯ ಕಾಲದಲ್ಲಿ ಗಡಿಯಾರದ ಯಂತ್ರದಿಂದ ನಾಲಗೆ ಒಳಹೊರಗೆ ಆಡುತ್ತಿತ್ತಂತೆ. ನದಿಯೊಂದಿದ್ದರೆ ಎರಡು ದಡದವರಿಗೆ ಏನಾದರೂ ಒಂದು ಮುನಿಸು ಇದ್ದೇ ಇರಬೇಕೆಂದು ತೋರುತ್ತದೆ. ಕಾವೇರಿಯ ತೀರದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸೇತುವೆಗಳಲ್ಲದೆ ನದಿ ದಾಟುವುದಕ್ಕೆ ನಾಲ್ಕು ಕಡೆ ದೋಣಿಗಳಿವೆ. ಅವುಗಳಿಗೆ ಯಂತ್ರವಿಲ್ಲ, ಹುಟ್ಟಿಲ್ಲ, ಪಟವಿಲ್ಲ. ದಡದಿಂದ ದಡಕ್ಕೆ ಮೇಲೆ ಬಿಗಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಕಟ್ಟಿರುತ್ತಾರೆ. ಅಂಬಿಗ ಚುಕ್ಕಾಣಿಯನ್ನು ಒಂದಿಷ್ಟು ಓರೆ ಹಿಡಿದರೆ, ಕೆಳಕ್ಕೆ ಒಯ್ಯಬೇಕಾದ ಪ್ರವಾಹವೇ ಅದನ್ನು ಅಡ್ಡಲಾಗಿ ಆಚೆ ದಡಕ್ಕೆ ಮುಟ್ಟಿಸುತ್ತದೆ. ಸದ್ದಿಲ್ಲದ ಈ ಪಯಣ ನನಗೆ ಎಷ್ಟು ಹಿಡಿಸಿತೆಂದರೆ ಭಾನುವಾರ ಮಧ್ಯಾಹ್ನ ಸುಮ್ಮನೆ ಆಚೆಗೊಮ್ಮೆ ಈಚೆಗೊಮ್ಮೆ ದಾಟಿದೆ. ನನ್ನ ಬಳಿಯಿದ್ದದ್ದು ನೂರು ಫ್ರಾಂಕಿನ ನೋಟು, ಅಂಬಿಗನ ಬಳಿ ಚಿಲ್ಲರೆಯಿಲ್ಲ. ಅವನು "ನಾಳೆ" ಎಂಬರ್ಥದಲ್ಲಿ ಕೈಬೀಸಿದ. ಮರುದಿನ ಹಣ ಕೊಡಲು ಹೋದರೆ ಅಲ್ಲಿದ್ದವನು ಬೇರೊಬ್ಬ. ಕಾರಣ ಹೇಳಲು ಹೊರಟೆ. ಅವನು ನಾಣ್ಯಗಳನ್ನು ಎಣಿಸದೆ ಡಬ್ಬಿಗೆ ಹಾಕಿ, ಕುಳಿತುಕೊಳ್ಳುವಂತೆ ಹಲಗೆಯನ್ನು ತೋರಿಸಿದ. ದಾಟಬೇಕಾದ ಕೆಲಸವಿರಲಿಲ್ಲ, ಆದರೂ ದಾಟಿ ಬಂದೆ.

ದಫ್ತರಖಾನೆಯಲ್ಲಿ ಎರಡು ದಿನ ಕಳೆದವು. ಅದರ ವಿಚಾರ ಬೇರೆ ಕಡೆ ಬರೆಯತಕ್ಕದ್ದು. ಇಲ್ಲಿ ಅದರಿಂದ ವಾಚಕರಿಗೆ ಬೇಸರವಾದೀತು. ಮಂಗಳವಾರ ನನ್ನ ಪೆಟ್ಟಿಗೆಯೂ ಬಂತು. ಕೋಟನ್ನು ಹಿಂದಿರುಗಿಸಲು ಹೋದರೆ ಮನೆಯೊಡತಿ ಹವೆಯ ಕಡೆ ಬೆರಳು ಮಾಡಿ, ನನ್ನ ಹೊಸ ಸ್ವೆಟರನ್ನು ಮುಟ್ಟಿ ನೋಡಿ, ತಲೆಯಾಡಿಸಿಬಿಟ್ಟರು.

ಬುಧವಾರ ಮಧ್ಯಾಹ್ನ ತಂದೆಯವರ ಕೆಲಸಕ್ಕೆ ಹೊರಟೆ. ಸಂತ ಆಲ್ಬನ್ ಕಣಿವೆಯೆಂಬ ನದೀತೀರದ ಹಳೆಯ ಕೇರಿಯಲ್ಲಿ ಒಂದು ಕಾಲುವೆಯ ಮೇಲೆ ಮರದ ನೀರುಚಕ್ರ ಇಂದಿಗೂ ತಿರುಗುತ್ತದೆ. ಅದು ಹಿಂದಿನ ಕಾಗದದ ಗಿರಣಿ. ೧೯೮೦ರಿಂದ ಕಾಗದ, ಬರೆಹ, ಮುದ್ರಣಗಳ ವಸ್ತುಸಂಗ್ರಹಾಲಯ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಮುಚ್ಚಿಡುವ ಸಂಗ್ರಹಾಲಯವಲ್ಲ. ಒಂದು ಅಂತಸ್ತಿನಲ್ಲಿ ಕಾಗದ ಎತ್ತುತ್ತಾರೆ, ಮತ್ತೊಂದರಲ್ಲಿ ಮೊಳೆ ಎರಕ ಹೊಯ್ಯುತ್ತಾರೆ, ಜೋಡಿಸುತ್ತಾರೆ, ಅಚ್ಚುಹಾಕುತ್ತಾರೆ. ಮೆಟ್ಟಿಲು ಹತ್ತುತ್ತಿದ್ದಂತೆ ಬಿಸಿ ಸೀಸ ಹಾಗೂ ಮಸಿಯ ವಾಸನೆ ಮೂಗಿಗೆ ಬಡಿಯಿತು. ಎಂಟು ವರ್ಷದ ಹುಡುಗನಾಗುವ ಮೊದಲೇ ಆ ವಾಸನೆ ನನ್ನ ಬಾಳಿನಿಂದ ಹೋಗಿತ್ತು. ತಂದೆಯವರ ಅಂಗಿಯ ವಾಸನೆ ಅದು.

ಎರಕದ ಒಲೆಯ ಮುಂದೆ ನೀಲಿ ಅಂಗಿ ತೊಟ್ಟ ಮುದುಕರೊಬ್ಬರು ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನನ್ನ ಜರ್ಮನ್ ನಾಲ್ಕು ಪದದ್ದು. 'ನನ್ನ ತಂದೆ' ಎಂಬುದನ್ನು ಹೇಗೋ ಹೇಳಿ, ಎಡಗೈಯಲ್ಲಿ ಸ್ಟಿಕ್ಕು ಹಿಡಿದವರಂತೆ ಹೆಬ್ಬೆರಳನ್ನು ಒತ್ತಿ, ಬಲಗೈಯಿಂದ ಮೊಳೆ ಹೆಕ್ಕಿ ಇಡುವ ಅಭಿನಯ ಮಾಡಿದೆ. ಜೋಡಿಸಿದ ಸಾಲು ಉರುಳದಂತೆ ಹೆಬ್ಬೆರಳಿನಿಂದ ತಡೆದಿರುವುದು ಕಂಪೋಸಿಟರನ ಅಭ್ಯಾಸ. ಬಲ್ಲವರಿಗೆ ಅದೊಂದೇ ಗುರುತು ಸಾಕು. ಮುದುಕರು ನನ್ನ ಹೆಬ್ಬೆರಳನ್ನು ನೋಡಿದರು. ತಮ್ಮ ಎಡಗೈಯ ಹೆಬ್ಬೆರಳನ್ನೆತ್ತಿ ತೋರಿಸಿದರು. ಅದರ ತುದಿ ತಂದೆಯವರದರಂತೆಯೇ ಸವೆದು ಚಪ್ಪಟೆಯಾಗಿತ್ತು.

ಆಮೇಲೆ ಅವರು ಮಕ್ಕಳ ಗುಂಪೊಂದನ್ನು ಕಾಯುವಂತೆ ನಿಲ್ಲಿಸಿ, ನನ್ನಿಂದ ತಂದೆಯವರ ಹೆಸರಿನ ಮೊದಲ ಅಕ್ಷರವನ್ನು ಕೇಳಿದರು. ಪೂರ್ತಿ ಹೆಸರನ್ನಲ್ಲ, ಒಂದಕ್ಷರವನ್ನು ಮಾತ್ರ. ಕಾಗದದ ಮೇಲೆ ಇಂಗ್ಲಿಷಿನ 'ಎಸ್' ಬರೆದು ತೋರಿಸಿದೆ. ಡ್ರಾಯರು ಎಳೆದು ಮೂಲಪಡಿಯಚ್ಚನ್ನು ಹುಡುಕಿದರು, ಕೈಮೂಸೆಗೆ ಸಿಕ್ಕಿಸಿದರು, ಕರಗಿದ ಲೋಹವನ್ನು ಸೌಟಿನಿಂದ ಹೊಯ್ದು ಒಮ್ಮೆ ಮೇಲಕ್ಕೆ ಕುಲುಕಿದರು. ಲೋಹ ಗಟ್ಟಿಯಾಗಲು ಕ್ಷಣಮಾತ್ರ ಸಾಕು. ಬಾಲವನ್ನು ಮುರಿದು, ಬುಡವನ್ನು ಉಜ್ಜಿ, ಬಿಸಿಯಾರದ ಮೊಳೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು. ಹಣದ ಮಾತೆತ್ತಿದ್ದಕ್ಕೆ ಕೋಪಿಸಿಕೊಂಡವರಂತೆ ಹುಬ್ಬೇರಿಸಿ ಮಕ್ಕಳ ಕಡೆ ತಿರುಗಿದರು.

ಆ ರಾತ್ರಿ ಮೇಳವನ್ನು ನೋಡಲು ಹೋಗಿದ್ದೆ. ಹತ್ತು ಗಂಟೆಯ ಸುಮಾರಿಗೆ ಟ್ರಾಂ ನಿಲ್ದಾಣದಲ್ಲಿ ನಿಂತಿರುವಾಗ ಮೊಬೈಲು ಸದ್ದು ಮಾಡಿತು. ಮೈಸೂರಿನಿಂದ ಅಕ್ಕ. ಅಲ್ಲಿ ಆಗ ನಡುರಾತ್ರಿ ಎರಡೂವರೆ. ಆ ಹೊತ್ತಿನಲ್ಲಿ ಒಳ್ಳೆಯ ಸುದ್ದಿಗೆ ಯಾರೂ ಫೋನು ಮಾಡುವುದಿಲ್ಲ.

"ಅಪ್ಪನಿಗೆ ಎದೆನೋವು ಬಂತು ಕಣೋ. ಆಸ್ಪತ್ರೆಯಲ್ಲಿದೀವಿ. ಐ.ಸಿ.ಯು.ಗೆ ಹಾಕಿದಾರೆ. ನಾಳೆ ನಾಡಿದ್ದರವರೆಗೆ ಏನೂ ಹೇಳಕ್ಕಾಗಲ್ಲ ಅಂತಾರೆ. ನೀನು ಬಂದುಬಿಡೋ."

ನನ್ನ ಟಿಕೆಟ್ಟು ಇದ್ದದ್ದು ಮುಂದಿನ ಸೋಮವಾರಕ್ಕೆ. ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಹೊಸ ಟಿಕೆಟ್ಟಿಗೆ ಪ್ರಯತ್ನಿಸಿದೆ. ಬ್ಯಾಂಕು ಗುಪ್ತಸಂಖ್ಯೆಯನ್ನು ಊರಿನ ಮೊಬೈಲ್ ಸಂಖ್ಯೆಗೆ ಕಳುಹಿಸುವುದು. ಆ ಸಂಖ್ಯೆ ಇಲ್ಲಿ ನಡೆಯದು. ಎರಡು ಸಲ, ಮೂರು ಸಲ. ಮತ್ತೆ ಅಕ್ಕನಿಗೆ ಫೋನು ಮಾಡಿ, "ಅಪ್ಪ ಮಾತಾಡ್ತಾರಾ? ಅಪ್ಪನಿಗೆ ಎಚ್ಚರ ಇದೆಯಾ?" ಎಂದು ಕೇಳುತ್ತಿದ್ದೆ. ಸ್ವರ ಎತ್ತರಕ್ಕೆ ಹೋಗಿತ್ತೆಂದು ಕಾಣುತ್ತದೆ. ಟ್ರಾಂ ಬಂದು ಹೋಯಿತು. ನಿಲ್ದಾಣ ಖಾಲಿಯಾಯಿತು, ಒಬ್ಬರು ಮಾತ್ರ ಹತ್ತದೆ ಉಳಿದರು.

ಐವತ್ತರ ಆಸುಪಾಸಿನ ಕಪ್ಪನೆಯ ಮನುಷ್ಯ, ಕೈಯಲ್ಲಿ ಹೋಟೆಲಿನ ಪೊಟ್ಟಣ. ಹತ್ತಿರ ಬಂದು ಕೇಳಿದರು: "ಅಪ್ಪಾವುಕ್ಕು ಎನ್ನ?"

ಅಪ್ಪನಿಗೆ ಏನಾಯಿತು ಎಂಬುದು ಆ ಪ್ರಶ್ನೆ. ನನ್ನ ಮಾತಿನಲ್ಲಿ ಅವರಿಗೆ ಅರ್ಥವಾದದ್ದು ಆ ಒಂದು ಪದವಂತೆ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ತಂದೆ ಅಪ್ಪನೇ. ಭಾಷಾವಿಜ್ಞಾನದ ತರಗತಿಯಲ್ಲಿ ದ್ರಾವಿಡ ಭಾಷೆಗಳ ಸಮಾನ ಪದಗಳ ಪಟ್ಟಿಯನ್ನು ನಾನು ಪ್ರತಿವರ್ಷವೂ ಹುಡುಗರಿಂದ ಬರೆಯಿಸುತ್ತೇನೆ. ಆ ಪಟ್ಟಿಯ ಉಪಯೋಗ ಪರೀಕ್ಷೆಯೊಂದಕ್ಕೇ ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಅವರು ಯಾಳ್ಪಾಣದವರು, ಎಂದರೆ ಶ್ರೀಲಂಕೆಯ ಜಾಫ್ನಾ ಪಟ್ಟಣದವರು. 1೯೮೩ರ ಗಲಭೆಗಳ ಅನಂತರ ಸಾವಿರಾರು ಲಂಕಾ ತಮಿಳರು ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಪಡೆದರು. ಇವರು ಬಂದದ್ದು ೧೯೯೦ರಲ್ಲಿ. ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಅವರು ನನ್ನನ್ನು ಕೇಳಿದ್ದು, "ನಿಮ್ಮ ಊರಿನ ವಿಮಾನ ಎಲ್ಲಿಂದ?" ಎಂಬುದೊಂದೇ. ಸಿನಿಮಾಗಳಿಂದಲೂ ನೆರೆಮನೆಯವರಿಂದಲೂ ಕಲಿತ ನನ್ನ ಮುರುಕು ತಮಿಳು, ಅವರ ನಿಧಾನವಾದ ಯಾಳ್ಪಾಣದ ತಮಿಳು. ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ಅಪರಿಚಿತನನ್ನು ಆ ಹೊತ್ತಿನಲ್ಲಿ ಕಂಡ ಅವರ ಪತ್ನಿ ಏನನ್ನೂ ಕೇಳಲಿಲ್ಲ. ಗಂಡ ಹೇಳಿದ 'ಅಪ್ಪಾ' ಎಂಬ ಮಾತನ್ನು ಕೇಳಿ ಒಲೆ ಹಚ್ಚಿದರು. ಅವರು ಬಡಿಸಿದ ಇಡಿಯಾಪ್ಪಂ ನಮ್ಮ ಒತ್ತುಶ್ಯಾವಿಗೆಯೇ. ನುಂಗಲಾಗುತ್ತಿರಲಿಲ್ಲ. ಆಕೆ ತಟ್ಟೆಯ ಮುಂದೆಯೇ ನಿಂತಿದ್ದರಿಂದ ನುಂಗಿದೆ.

ಅವರ ಮಗಳು, ಶಾಲೆಯ ಹುಡುಗಿ, ಎದ್ದು ಬಂದು ಕಂಪ್ಯೂಟರಿನ ಮುಂದೆ ಕುಳಿತಳು. ಬೆಳಗ್ಗೆ ಜೂರಿಕ್ಕಿನಿಂದ ಹೊರಟು ದುಬೈ ಹಾದಿಯಾಗಿ ಬೆಂಗಳೂರಿಗೆ ಒಂದು ಜಾಗ ಸಿಕ್ಕಿತು. ಬೆಲೆ ೮೪೦ ಫ್ರಾಂಕು. ಅಂದಿನ ಲೆಕ್ಕಕ್ಕೆ ೬೦ ಸಾವಿರ ರೂಪಾಯಿ ದಾಟುತ್ತಿತ್ತು. ನನ್ನವಳು ಸೊಂಟಕ್ಕೆ ಹೊಲಿದುಕೊಟ್ಟಿದ್ದ ಚೀಲದಲ್ಲಿ ಅದರ ಅರ್ಧವೂ ಇರಲಿಲ್ಲ. ಆತ ತಮ್ಮ ಕಾರ್ಡನ್ನು ತೆಗೆದು ಮಗಳ ಕೈಗಿತ್ತರು. ಆಗ ನನ್ನ ಪಾಸ್‌ಪೋರ್ಟನ್ನು ಕೇಳಿದರು. ಟಿಕೆಟ್ಟಿನಲ್ಲಿ ಅಕ್ಷರ ತಪ್ಪಬಾರದಲ್ಲವೇ? ನನ್ನ ಹೆಸರನ್ನು ಆ ಮನೆಯವರು ಮೊದಲು ಅರಿತದ್ದು ಹಾಗೆ.

"ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹಣ ಹಿಂದಿರುಗಿಸುತ್ತೇನೆಂದು ಹೇಗೆ ನಂಬುತ್ತೀರಿ?" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇಷ್ಟು: ೧೯೯೮ರಲ್ಲಿ ಅವರ ತಂದೆ ಯಾಳ್ಪಾಣದಲ್ಲಿ ತೀರಿಕೊಂಡರು. ಯುದ್ಧದ ಕಾಲ. ಆಶ್ರಯ ಪಡೆದವನು ಬಿಟ್ಟುಬಂದ ದೇಶಕ್ಕೆ ಕಾಲಿಟ್ಟರೆ ಆಶ್ರಯವೇ ಹೋದೀತು. ಸುದ್ದಿ ಬಂದದ್ದು ಇದೇ ಊರಿನ ಒಂದು ಫೋನಿನ ಅಂಗಡಿಯಲ್ಲಿ. "ನನಗೆ ವಿಮಾನವಿರಲಿಲ್ಲ. ನಿಮಗಿದೆ. ಹೋಗಿ."

ಮೈಸೂರಿನ ಗಡಿಯಾರದಲ್ಲಿ ಅಷ್ಟರಲ್ಲಾಗಲೇ ನವೆಂಬರ್ ೧ ಬೆಳಗಾಗುತ್ತ ಬಂದಿತ್ತು. ರಾಜ್ಯೋತ್ಸವದ ದಿನ, ಕಾಲೇಜಿನಲ್ಲಿ ಧ್ವಜವಂದನೆಯ ಸಿದ್ಧತೆ ನಡೆಯುತ್ತಿದ್ದೀತು. ೧೯೯೧ರ ಕಾವೇರಿ ಗಲಭೆಯಲ್ಲಿ ನಮ್ಮ ಬೀದಿಯ ತಮಿಳರ ಮನೆಯವರು ಎರಡು ರಾತ್ರಿ ದೀಪ ಹಚ್ಚದೆ ಕುಳಿತದ್ದು ನನಗೆ ಮಸುಕಾಗಿ ನೆನಪಿದೆ. ೨೦೧೬ರಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದದ್ದು ಸ್ಪಷ್ಟವಾಗಿ ನೆನಪಿದೆ. ಆ ಮನೆಯ ಸೋಫಾದ ಮೇಲೆ ಕುಳಿತು ಬೆಳಗಾಗುವುದನ್ನು ಕಾಯುತ್ತಿದ್ದಾಗ ಇವೆಲ್ಲ ಬಂದು ಹೋದವು. ನಮ್ಮ ಕಾವೇರಿಯ ಜಗಳಕ್ಕೂ ಆ ಮನುಷ್ಯರಿಗೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಬಂದವು.

ಬೆಳಗಿನ ಜಾವ ಕೋಣೆಗೆ ಹೋಗಿ ಪೆಟ್ಟಿಗೆ ಕಟ್ಟಿದೆ. ಆ ತಮಿಳರೂ ಜೊತೆಗೆ ಬಂದಿದ್ದರು. ಸದ್ದಿಗೆ ಮನೆಯೊಡತಿ ಎದ್ದು ಬಂದರು. ಅವರಿಗೆ ಜರ್ಮನ್ ಭಾಷೆಯಲ್ಲಿ ವಿಷಯ ಹೇಳಿದವರು ಅವರೇ. ಕೋಟನ್ನು ಮಡಿಸಿ ಕೊಡಹೋದೆ. ಆಕೆ ಅದನ್ನು ಬಿಡಿಸಿ, ನನಗೆ ತೊಡಿಸಿ, ಕತ್ತಿನ ಗುಂಡಿಯನ್ನು ಹಾಕಿ ಹಿಂದೆ ಸರಿದರು. ಉಳಿದ ದಿನಗಳ ಬಾಡಿಗೆಯನ್ನು ಲಕೋಟೆಯಲ್ಲಿ ಹಾಕಿ ಕೈಗಿಟ್ಟರು. ಎಣಿಸಿದ್ದು ವಿಮಾನದಲ್ಲಿ. ರಾಪೆನ್ ನಾಣ್ಯಗಳವರೆಗೆ ಸರಿಯಾಗಿತ್ತು. ಗಡಿಯಾರದಂಥ ಜನ!

ತಂದೆಯವರನ್ನು ನಾನು ಕಂಡದ್ದು ಶುಕ್ರವಾರ ಬೆಳಗ್ಗೆ. ಎಚ್ಚರವಿತ್ತು, ಮಾತಿಲ್ಲ. ಒಂಬತ್ತು ದಿನಗಳ ಮೇಲೆ ಮನೆಗೆ ಬಂದರು. ಹಾಸಿಗೆಯ ಮೇಲೆ ಒರಗಿ ಕುಳಿತಿದ್ದಾಗ ಆ ಮೊಳೆಯನ್ನು ಕೊಟ್ಟೆ. ಕನ್ನಡಕ ಕೇಳಲಿಲ್ಲ. ಹೆಬ್ಬೆರಳಿನಿಂದ ಮುಖವನ್ನು ಸವರಿ, "ಎಸ್ಸು" ಎಂದರು. ಪಕ್ಕದ ಗೀರನ್ನು ಹುಡುಕಿ, "ಹೂಂ, ಇದಕ್ಕೇ ನಿಕ್ಕು ಇರಬೇಕು. ಎಸ್ಸು ತಲೆಕೆಳಗಾದರೂ ಎಸ್ಸೇ. ಹೊಸಬರು ಇದರಲ್ಲೇ ಒದೆ ತಿನ್ನೋದು" ಎಂದರು. ಆಮೇಲೆ ತಮ್ಮ ಹಳೆಯ ಮೊಳೆಗಳನ್ನು ತರಿಸಿ, ಊಟದ ತಟ್ಟೆಯ ಬೆನ್ನಿನ ಮೇಲೆ ಒಂದರ ಪಕ್ಕದಲ್ಲೊಂದು ನಿಲ್ಲಿಸಿ, ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಆಡಿಸಿದರು. "ಒಂದು ಕೂದಲೆಳೆ ಎತ್ತರ ಕಣೋ. ನಮ್ಮ ಫಾರಮಿನಲ್ಲಿ ಕೂರಲ್ಲ. ಕಾಗದ ತೂತು ಮಾಡುತ್ತೆ." ಯೂರೋಪಿನ ಮೊಳೆಗೂ ನಮ್ಮಲ್ಲಿ ರೂಢಿಯಲ್ಲಿದ್ದ ಇಂಗ್ಲಿಷ್ ಅಳತೆಯ ಮೊಳೆಗೂ ಎತ್ತರದಲ್ಲಿರುವ ವ್ಯತ್ಯಾಸ ಕಾಲು ಮಿಲಿಮೀಟರು.

ನವೆಂಬರ್ ಕೊನೆಗೆ ಅಂಚೆಯಲ್ಲಿ ಒಂದು ಚಿಕ್ಕ ಪೊಟ್ಟಣ ಬಂತು. ಒಳಗೆ ಕಾಗದವಿರಲಿಲ್ಲ, ಬಲಗೈಯ ಗವಸು ಒಂದೇ ಇತ್ತು. ಮೇಳ ಮುಗಿದಿತ್ತು. ಗವಸುಗಳ ಜೊತೆ ಈಗ ಪೂರ್ತಿಯಾಗಿದೆ. ಮೈಸೂರಿನಲ್ಲಿ ಅವು ಬೇಕಾಗುವಷ್ಟು ಚಳಿ ಇದುವರೆಗೆ ಬಂದಿಲ್ಲ. ನಮ್ಮ ತಾಯಿಯವರು ಅವನ್ನು ಬಿಸಿ ಪಾತ್ರೆ ಇಳಿಸಲು ಉಪಯೋಗಿಸುತ್ತಿದ್ದುದನ್ನು ಒಂದು ದಿನ ಕಂಡು, ತೆಗೆದು ಕೋಟಿನ ಜೇಬಿನಲ್ಲಿಟ್ಟೆ.

ಆ ತಮಿಳರಿಗೆ ಹಣ ಕಳುಹಿಸುವುದು ಸುಲಭವಾಗಲಿಲ್ಲ. ಖಾತೆಯ ವಿವರ ಕೇಳಿದಾಗಲೆಲ್ಲ "ಅಪ್ಪಾ ಎಪ್ಪಡಿ?" ಎಂದು ವಿಷಯ ಬದಲಿಸುತ್ತಿದ್ದರು. ಕೊನೆಗೆ ಅವರ ಮಗಳು ಗುಟ್ಟಾಗಿ ಕಳುಹಿಸಿದಳು. ಬ್ಯಾಂಕಿನವರು ಲೆಕ್ಕ ಹಾಕಿದ ದರದಲ್ಲಿ ಆರು ಫ್ರಾಂಕು ಹೆಚ್ಚು ಹೋಗಿತ್ತಂತೆ. ಅದಕ್ಕೆ ಬದಲಾಗಿ ತಂದೆಯವರಿಗೆಂದು ಒಂದು ಚಾಕೊಲೇಟು ಬಂತು. ವೈದ್ಯರು ಬೇಡವೆಂದಿದ್ದರು. ತಂದೆಯವರು ತಿಂದರು.

ತಂದೆಯವರು ಮೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು ೨೦೨೨ರ ಜನವರಿಯಲ್ಲಿ ಹೋದರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಬಾಸೆಲಿಗೆ ಫೋನು ಮಾಡಿದೆ. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ, "ಯಾವ ತಾರೀಖು?" ಎಂದು ಕೇಳಿದರು. ಹೇಳಿದೆ. ಬರೆದುಕೊಳ್ಳುವ ಸದ್ದು ಕೇಳಿಸಿತು.

ಮರುವರ್ಷ ಅದೇ ತಾರೀಖಿನ ರಾತ್ರಿ, ಶ್ರಾದ್ಧದ ಅಡಿಗೆಯ ಪಾತ್ರೆಗಳನ್ನು ತೊಳೆದಿಡುತ್ತಿದ್ದ ಹೊತ್ತಿಗೆ ಅವರ ಫೋನು ಬಂತು. ತಂದೆಯವರ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಸಾಪ್ಪಿಟ್ಟೀಂಗಳಾ?" ಎಂದರು.

ಊಟ ಆಯಿತೆಂದು ಹೇಳಿದೆ. ಅವರದೂ ಆಯಿತೇ ಎಂದು ಕೇಳಿದೆ.